ಅವ್ವನ ಸ್ಟೂಲಿಗೆ ಒಂದು ಹಲಗೆ

ಅವ್ವನಿಗೆ ಮೊಣಕಾಲು ನೋವು. ನೆಲದ ಮೇಲೆ ಕೂತರೆ ಏಳೋಕೆ ಆಗಲ್ಲ, ಕುರ್ಚಿ ಮೇಲೆ ಕೂತರೆ ದೇವರ ಕಟ್ಟೆ ಕೈಗೆ ಎಟುಕಲ್ಲ. "ಒಂದಡಿ ಎತ್ತರದ್ದು ಒಂದು ಸ್ಟೂಲ್ ತಂದುಕೊಡೋ ಯಪ್ಪಾ" ಅಂದಳು. ಬಜಾರಿಗೆ ಹೋಗಿ ಪ್ಲಾಸ್ಟಿಕ್ಕಿನದು ತಂದಿದ್ದರೆ ಅರ್ಧ ತಾಸಿನ ಕೆಲಸ. ಆದರೆ ಆ ಹೊತ್ತಿಗೆ ನಾನು ಮೊಬೈಲಿನಲ್ಲಿ ಮರಗೆಲಸದ ವಿಡಿಯೋ ನೋಡುವ ಚಟಕ್ಕೆ ಬಿದ್ದು ಮೂರು ತಿಂಗಳಾಗಿತ್ತು. "ತರೋದ್ಯಾಕ? ನಾನೇ ಮಾಡ್ತೀನಿ" ಅಂದುಬಿಟ್ಟೆ. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಹೆಂಡತಿಗೆ ಕೇಳಿಸಿತ್ತು ಅಂತ ಕಾಣುತ್ತೆ.

ಆ ವಿಡಿಯೋಗಳಲ್ಲಿ ಒಬ್ಬ ಗಡ್ಡದವನು ಇರುತ್ತಾನೆ. ಅಂಗಡಿಗೆ ಹೋಗುತ್ತಾನೆ, ಬೆಣ್ಣೆಯಂಥ ಹಲಗೆ ಎತ್ತಿಕೊಳ್ಳುತ್ತಾನೆ, ಮನೆಗೆ ಬಂದು ರಂದಾ ಹೊಡೆಯುತ್ತಾನೆ. ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತೆ. ಅವನ ಹಲಗೆಯಲ್ಲಿ ಗಂಟಿಲ್ಲ, ಸೊಟ್ಟ ಇಲ್ಲ, ಹುಳ ಇಲ್ಲ. ಹತ್ತು ನಿಮಿಷದಲ್ಲಿ ಮೇಜು ಮುಗಿದು ಅದರ ಮೇಲೆ ಕಾಫಿ ಕಪ್ ಕೂಡ ಬಂದಿರುತ್ತೆ. ಅವನು ಕೊಪ್ಪಳದಲ್ಲಿಲ್ಲ ಅನ್ನೋದನ್ನು ನಾನು ಗಮನಿಸಿರಲಿಲ್ಲ.

ನಮ್ಮ ಊರಲ್ಲಿ ಕಲ್ಲಿಗೆ ಬರವಿಲ್ಲ. ಕೋಟೆ ಗುಡ್ಡದ ಮೇಲೆ, ಗವಿಮಠ ಬಂಡೆಯಲ್ಲಿ. ಅವ್ವ ಕಲ್ಲಿನ ಸ್ಟೂಲ್ ಕೇಳಿದ್ದರೆ ಸಂಜೆಯೊಳಗೆ ಸಿಗುತ್ತಿತ್ತು. ಮರ ಮಾತ್ರ ಹೊರಗಿನಿಂದ ಬರಬೇಕು. ಇನ್ನೊಂದು ತೊಡಕು ಅಂದರೆ, ಈ ಕಡೆ ಒಲೆಗೆ ಹಾಕುವುದೂ ಕಟ್ಟಿಗೆ, ಬಾಗಿಲು ಮಾಡುವುದೂ ಕಟ್ಟಿಗೆ. "ಛಲೋ ಕಟ್ಟಿಗೆ ಎಲ್ಲಿ ಸಿಗುತ್ತೆ" ಅಂತ ಮೊದಲು ಕೇಳಿದಾಗ ಒಬ್ಬರು ಕಿಲೋ ಲೆಕ್ಕದಲ್ಲಿ ಮಾರುವ ಅಡ್ಡೆಗೆ ಕಳಿಸಿದರು. ಅಲ್ಲಿಯವನು ತಕ್ಕಡಿ ತೋರಿಸಿ "ಮದುವಿಗೋ, ಮಸಣಕ್ಕೋ?" ಅಂತ ಕೇಳಿದ. ಸ್ಟೂಲಿಗೆ ಅಂತ ಹೇಳುವ ಧೈರ್ಯವಾಗದೆ ವಾಪಸ್ ಬಂದೆ.

ಶ್ರಾವಣ ಮಾಸ, ಜಿಟಿ ಜಿಟಿ ಮಳೆ. ಅಂಥ ಒಂದು ದಿನ ಟಿಂಬರ್ ಡಿಪೋಗೆ ಹೋದೆ. ಸಾಲಾಗಿ ನಿಲ್ಲಿಸಿದ ಹಲಗೆಗಳು, ತಗಡಿನ ಚಾವಣಿಯ ಕೆಳಗೆ ಹಸಿ ಕಟ್ಟಿಗೆಯ ವಾಸನೆ. ಆ ವಾಸನೆ ಅಪಾಯದ ಸೂಚನೆ ಅಂತ ನನಗೆ ಗೊತ್ತಿರಲಿಲ್ಲ, ಉಸಿರು ಎಳೆದುಕೊಂಡು ಖುಷಿಪಟ್ಟೆ.

"ಎಲ್ಲಿಯ ಸಾಗವಾನಿ ಇದು?"

"ದಾಂಡೇಲಿದು ಸರ."

"ಆ ಕಡೆ ಇರೋದು?"

"ಅದೂ ದಾಂಡೇಲಿದ."

ಮೂಲೆಯಲ್ಲಿದ್ದ, ನನ್ನ ಕಣ್ಣಿಗೇ ಬೇವು ಅಂತ ಗೊತ್ತಾಗುತ್ತಿದ್ದ ತುಂಡನ್ನು ತೋರಿಸಿದೆ. ಡಿಪೋದವರು ಒಂದು ಕ್ಷಣ ಯೋಚಿಸಿದರು. "ದಾಂಡೇಲಿ ಬಾಜು" ಅಂದರು.

ಹಲಗೆ ನೆಟ್ಟಗಿದೆಯೋ ಇಲ್ಲವೋ ನೋಡಲು ಒಂದು ತುದಿಯನ್ನು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ, ಅಂಚಿನಗುಂಟ ದೃಷ್ಟಿ ಹಾಯಿಸಬೇಕು. ಗಡ್ಡದವನು ಹಾಗೇ ಮಾಡುತ್ತಾನೆ. ನಾನೂ ಮಾಡಿದೆ. ಹಲಗೆಯ ಆ ತುದಿಯಲ್ಲಿ ಬಾಗಿಲ ಚೌಕಟ್ಟು ಕೊಳ್ಳಲು ಬಂದಿದ್ದ ನಮ್ಮ ಬ್ಯಾಂಕಿನ ಮೇಡಂ ನಿಂತಿದ್ದರು. ಒಂದು ಹಲಗೆಗೆ ಅವರು ಏನೂ ಅಂದುಕೊಳ್ಳಲಿಲ್ಲ. ನಾನು ಏಳು ಹಲಗೆ ನೋಡಿದೆ. ಏಳನೆಯದಕ್ಕೆ ಅವರ ಯಜಮಾನರು ಬಂದು ನಡುವೆ ನಿಂತರು. "ಸೊಟ್ಟ ಐತೇನಂತ ನೋಡ್ತಿದ್ದೆ" ಅಂದೆ. "ಯಾರ್ದು?" ಅಂದರು. ಅಂದಿನಿಂದ ಪಾಸ್‌ಬುಕ್ ಎಂಟ್ರಿಗೆ ಹೆಂಡತಿಯನ್ನೇ ಕಳಿಸುತ್ತಿದ್ದೇನೆ.

ಕೊನೆಗೆ ಮೂರಡಿ ಉದ್ದ, 12 ಇಂಚು ಅಗಲ, 1.5 ಇಂಚು ದಪ್ಪದ ಒಂದು ಹಲಗೆ ಆರಿಸಿದೆ. ಕಟ್ಟಿಗೆಯ ಲೆಕ್ಕ ಘನ ಅಡಿಯಲ್ಲಿ, ಡಿಪೋದವರ ಬಾಯಲ್ಲಿ ಸಿಎಫ್‌ಟಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಇಟ್ಟು ಗುಣಿಸಿ 144ರಿಂದ ಭಾಗಿಸಬೇಕು. ರಾತ್ರಿಯೆಲ್ಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. "0.375" ಅಂದೆ, ಕ್ಯಾಲ್ಕುಲೇಟರ್ ಇಲ್ಲದೆ. ಅವರು ಮೆಚ್ಚುಗೆಯಿಂದ ತಲೆದೂಗಿ ಬಿಲ್ಲಿನಲ್ಲಿ 0.5 ಬರೆದರು. "ಅರ್ಧಕ್ಕಿಂತ ಕಡಿಮಿ ಬಿಲ್ ಮಾಡಂಗಿಲ್ರಿ."

ಮಷೀನಿಗೆ ಕೊಟ್ಟು ನುಣುಪು ಮಾಡಿಸಿದ ಮೇಲೆ ಅಳತೆ ಹಿಡಿದರೆ ದಪ್ಪ 1.25 ಇಂಚು. ಉಳಿದ ಕಾಲು ಇಂಚು ಎಲ್ಲಿ ಅಂದೆ. ನೆಲದ ಮೇಲಿದ್ದ ಹೊಟ್ಟಿನ ರಾಶಿ ತೋರಿಸಿದರು. "ಅದು ನಿಮ್ಮ ಲೆಕ್ಕಕ್ಕರಿ." ನನ್ನ ಲೆಕ್ಕಕ್ಕಾದರೆ ಹೊಟ್ಟು ಕೊಡಿ ಅಂದೆ. "ಅದು ಕೋಳಿ ಫಾರಂನವರಿಗೆ ಹೋಗ್ತೈತ್ರಿ." ಅಂದರೆ ನಾನು ದುಡ್ಡು ಕೊಟ್ಟ ಸಾಗವಾನಿಯ ಮೇಲೆ ಯಾವುದೋ ಕೋಳಿ ಮಲಗಿದೆ.

ಹಲಗೆಯನ್ನು ಸ್ಕೂಟರಿನಲ್ಲಿ ಅಡ್ಡ ಇಟ್ಟುಕೊಂಡು ನಮ್ಮ ಓಣಿಯ ಬಡಿಗೇರ ಕಾಕಾನ ಹತ್ತಿರ ಹೋದೆ. ತೋರಿಸಿ ಶಭಾಷ್ ಅನ್ನಿಸಿಕೊಳ್ಳುವ ಆಸೆ, ಅಷ್ಟೆ. ಕಾಕಾ ಹಲಗೆಯನ್ನು ಕಣ್ಣಿಗೆ ಹಿಡಿಯಲೇ ಇಲ್ಲ. ಎರಡು ಕೈಯಲ್ಲಿ ಎತ್ತಿ ತೂಕ ನೋಡಿದ. ಬೆರಳ ಗೆಣ್ಣಿನಿಂದ ಕುಟ್ಟಿದ. ಆಮೇಲೆ ಕೂಸಿನ ಕೆನ್ನೆಗೆ ಕೆನ್ನೆ ಹಚ್ಚುವ ಹಾಗೆ ಹಲಗೆಗೆ ತನ್ನ ಕೆನ್ನೆ ಹಚ್ಚಿ ಕಣ್ಣು ಮುಚ್ಚಿದ.

"ತಣ್ಣಗ ಐತಿ ತಮ್ಮಾ. ಇದ್ರಾಗ ಇನ್ನೂ ನೀರೈತಿ."

ನಾನೂ ಕೆನ್ನೆ ಹಚ್ಚಿದೆ. ಹೌದು, ತಣ್ಣಗಿತ್ತು. ದುಡ್ಡು ಕೊಟ್ಟಾಗಿದ್ದರಿಂದ ನನಗೆ ಹಿತವಾಗಿಯೇ ಅನ್ನಿಸಿತು.

ಕಾಕಾ ಅಂಚಿನಲ್ಲಿದ್ದ ಬೆರಳಗಲದ ಬಿಳಿ ಪಟ್ಟಿ ತೋರಿಸಿದ. ನಾನು ಅದನ್ನು ಡಿಸೈನ್ ಅಂದುಕೊಂಡಿದ್ದೆ. ಸಾಗವಾನಿಯ ಜೋರು ಇರುವುದು ಒಳಗಿನ ಕಂದು ಕೆಚ್ಚಿನಲ್ಲಿ. ಅದರಲ್ಲಿ ಎಣ್ಣೆಯ ಅಂಶ ಇರುತ್ತೆ, ಗೆದ್ದಲು ಬೇಗ ಮುಟ್ಟಲ್ಲ. ಹೊರಗಿನ ಬಿಳಿ ಭಾಗಕ್ಕೆ ಆ ಗುಣವಿಲ್ಲ. ಇಷ್ಟು ಹೇಳಿ ಕಾಕಾ ಆ ಪಟ್ಟಿಯನ್ನು ಗರಗಸ ಹಾಕಿ ಕೊಯ್ದು ಒಲೆಯ ಕಡೆ ಎಸೆದ. ನನ್ನ 12 ಇಂಚು 11 ಆಯಿತು.

"ನೆರಳಾಗ ಇಡು. ಒಂದು ಇಂಚಿಗೆ ಒಂದು ವರ್ಷ ಅಂತ ಲೆಕ್ಕ. ಎರಡೂ ತುದಿಗೆ ಸಗಣಿ ಮೆತ್ತು. ನೀರು ತುದಿಯಿಂದ ಬಿರ್ರನೆ ಓಡ್ತೈತಿ, ಅಲ್ಲೇ ಮೊದಲು ಸೀಳ್ತೈತಿ."

"ವರ್ಷ ಅಂದ್ರ? ಅಲ್ಲೀತನಕ ಅವ್ವ ನಿಂತಿರ್ತಾಳೇನು ಕಾಕಾ?"

"ಇಷ್ಟು ದಿನ ಎಲ್ಲಿ ಕುಂದ್ರತಿದ್ಲೋ ಅಲ್ಲೇ ಕುಂದರ್ಲಿ."

ನನಗೆ ಈ ಸಗಣಿ ವಿಷಯ ಸ್ವಲ್ಪ ಹಳೆಕಾಲದ್ದು ಅನ್ನಿಸಿತು. ವಿಡಿಯೋದಲ್ಲಿ ಇದೇ ಕೆಲಸಕ್ಕೆ ಮೇಣ ಬಳಿಯುವುದನ್ನು ನೋಡಿದ್ದೆ. ಹಾಗಂತ ಮೇಣ ಬಳಿದೆನೇ? ಅದೂ ಇಲ್ಲ.

ನಡುವೆ ಇನ್ನೊಂದು ಹುಚ್ಚು. ಗಿಣಿಗೇರಿ ಕಡೆ ಕಾರ್ಖಾನೆಗಳಿವೆ, ಅಲ್ಲಿಗೆ ಮಷೀನು ಬರುವ ಪೈನ್ ಕಟ್ಟಿಗೆಯ ಪೆಟ್ಟಿಗೆಗಳು ಗುಜರಿಗೆ ಬರುತ್ತವೆ ಅಂತ ಒಬ್ಬ ಗೆಳೆಯ ಹೇಳಿದ. ಸ್ಟೂಲಿನ ಕಾಲಿಗೆ ಆದೀತು ಅಂತ ಹೋದೆ. ದೇಶ ದಾಟಿ ಬರುವ ಇಂಥ ಪೆಟ್ಟಿಗೆಯ ಮೇಲೆ ಒಂದು ಮುದ್ರೆ ಇರುತ್ತೆ. ಎಚ್‌ಟಿ ಅಂತ ಇದ್ದರೆ ಹುಳ ಸಾಯಲಿ ಅಂತ ಬಿಸಿ ಕೊಟ್ಟಿದ್ದಾರೆ ಅಂತ ಅರ್ಥ: ಕಟ್ಟಿಗೆಯ ನಡುಭಾಗ 56 ಡಿಗ್ರಿಗೆ ಬಂದು 30 ನಿಮಿಷ ಹಾಗೇ ಇರಬೇಕು. ಎಂಬಿ ಅಂತ ಇದ್ದರೆ ವಿಷದ ಗಾಳಿ ಹಾಕಿದ್ದು, ಮನೆಗೆ ತರಬಾರದು. 56 ಡಿಗ್ರಿ ಅಂತ ಓದಿ ನನಗೆ ಅಂಥ ಬೆರಗೇನೂ ಆಗಲಿಲ್ಲ, ಮೇ ತಿಂಗಳಲ್ಲಿ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತವರಿಗೂ ಆ ಮುದ್ರೆ ಒತ್ತಬಹುದು. ಎಚ್‌ಟಿ ಪೆಟ್ಟಿಗೆಯೇ ಸಿಕ್ಕಿತು. ಒಂದು ಭಾನುವಾರ ಪೂರ್ತಿ ಕೂತು 41 ಮೊಳೆ ಕಿತ್ತೆ. 42ನೆಯದು ರಂದಾದ ಅಲಗಿಗೆ ಸಿಕ್ಕಿತು. ಆ ರಂದಾ ಕಾಕಾನದು. ಆ ವಿಷಯ ಇಲ್ಲಿಗೇ ಬಿಡೋಣ.

ಕಾಲಿಗೆ ಕಟ್ಟಿಗೆ ಕೊನೆಗೆ ಸಿಕ್ಕಿದ್ದು ಊರಲ್ಲಿ, ದೊಡ್ಡವ್ವನ ಬಚ್ಚಲ ಒಲೆಯ ಪಕ್ಕ. ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದು, ಹುಟ್ಟೂರು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ, ಕಾಟ ಮಾತ್ರ ನಮಗೆ. ಹೊಲದ ಬದು, ಹಳ್ಳ, ಕೆರೆಯಂಗಳ, ಎಲ್ಲಿ ನೋಡಿದರೂ ಅದೇ. ಅದರ ಮುಳ್ಳು ಚಪ್ಪಲಿಯನ್ನೇ ದಾಟುತ್ತೆ, ಟಯರ್ ಯಾವ ಲೆಕ್ಕ? ಅಂದು ಹೋಗುವಾಗ ಒಂದು ಪಂಕ್ಚರ್, ಬರುವಾಗ ಒಂದು. ಎರಡನೇ ಸಲ ಪಂಕ್ಚರ್ ಅಂಗಡಿಯ ಹುಡುಗ ಮುಳ್ಳು ಕಿತ್ತು ನನ್ನ ಕೈಗೇ ಕೊಟ್ಟು "ಇಟ್ಕೊಳ್ರಿ ಅಣ್ಣಾ" ಅಂದ.

ದೊಡ್ಡವ್ವ ಎರಡು ವರ್ಷದಿಂದ ಒಟ್ಟಿದ ರಾಶಿ ಅದು. ಗಟಗಟ ಒಣಗಿತ್ತು. ಜಾಲಿ ಉದ್ದಕ್ಕೆ ನೋಡಿದರೆ ಡೊಂಕು ಡೊಂಕು, ಒಂದಡಿ ತುಂಡು ಮಾತ್ರ ಹುಡುಕಿದರೆ ನೆಟ್ಟಗಿನದು ಸಿಗುತ್ತೆ. ನಾಲ್ಕು ಆರಿಸಲು ಇಡೀ ರಾಶಿ ಕೆಡವಿದೆ. "ನೀರು ಕಾಸಾಕ ಇಟ್ಟೇನಿ, ನಿನ್ನ ಆಟಕ್ಕಲ್ಲ" ಅಂತ ದೊಡ್ಡವ್ವ ಬೈಯುತ್ತಲೇ ಇದ್ದಳು, ಒಂದು ಚೇಳು ಹೊರಬಂದ ಮೇಲೆ ಸುಮ್ಮನಾದಳು. ಸಿಪ್ಪೆ ತೆಗೆದು ಕೆತ್ತಿದರೆ ಒಳಗೆ ಕೆಂಗಂದು ಬಣ್ಣದ ಕೆಚ್ಚು, ಮುಟ್ಟಿದರೆ ಕಬ್ಬಿಣ. ಮೊಳೆ ಬಾಗಿತು. ಡ್ರಿಲ್ ಬಿಟ್ ಎರಡು ಮುರಿದವು. ಆದರೆ ಕಾಲು ಮಾತ್ರ ಎಂಥಾ ಚಂದ ಆದವು ಅಂತೀರಿ!

ಸಾಗವಾನಿ ಹಲಗೆಯನ್ನು ಅಳತೆಗೆ ಕೊಯ್ದು, ಅಡ್ಡಪಟ್ಟಿಗಳಿಗೆ ಎಂಟು ಸ್ಕ್ರೂ ಹಾಕಿ ಬಿಗಿದೆ. ಇರುವೆಯೂ ನುಸುಳಬಾರದು, ಹಾಗೆ. ಪಾಲಿಶ್ ಹೊಡೆದೆ. ಅವ್ವ ಕೂತಳು, ಎದ್ದಳು, ಮತ್ತೆ ಕೂತಳು. ಓಣಿಯವರೆಲ್ಲ ಬಂದು ನೋಡಿದರು. ಹೆಂಡತಿ ಕೂಡ "ಪರವಾಗಿಲ್ಲ" ಅಂದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಮಾರ್ಚಿನ ಒಂದು ರಾತ್ರಿ ಎರಡು ಗಂಟೆಗೆ ದೇವರ ಮನೆಯಿಂದ "ಟಪ್" ಅಂತ ಸದ್ದು. ಹೆಂಡತಿ ನನ್ನನ್ನು ತಿವಿದು "ಯಾರೋ ಬಂದಾರ ನೋಡ್ರಿ" ಅಂದಳು. ಕೊಡತಿ ಹಿಡಿದುಕೊಂಡು ಹೋದೆ. ಮರಗೆಲಸ ಕಲಿತದ್ದರಿಂದ ಆದ ಒಂದೇ ಉಪಕಾರ ಅದು, ಕೈಗೆ ಕೊಡತಿ ಇತ್ತು. ದೀಪ ಹಾಕಿದರೆ ಕಳ್ಳ ಇಲ್ಲ, ಬೆಕ್ಕೂ ಇಲ್ಲ. ಸ್ಟೂಲಿನ ನಡುವೆ ಈ ತುದಿಯಿಂದ ಗೇಣುದ್ದದ ಒಂದು ಸೀಳು.

ಬೆಳಿಗ್ಗೆ ಕಾಕಾ ಬಂದು ನೋಡಿದ. ಸೀಳನ್ನಲ್ಲ, ಸ್ಕ್ರೂಗಳನ್ನು. ಕಟ್ಟಿಗೆ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತೆ. ಮಳೆಗಾಲದಲ್ಲಿ ಮತ್ತೆ ಉಬ್ಬುತ್ತೆ. ಅದಕ್ಕೆ ಸರಿದಾಡಲು ಜಾಗ ಬಿಡಬೇಕು. ನಾನು ಎಂಟು ಕಡೆ ಹಿಡಿದು ಬಿಗಿದಿದ್ದೆ. "ಒಂದು ಕಡೆ ಬಿಗಿ, ಇನ್ನೊಂದು ಕಡೆ ಉದ್ದನ ತೂತು ತಗಿ. ಬಾಗಲದ ಹಲಗಿ ನಾವು ಯಾಕ ಚೌಕಟ್ಟಿನ ತೋಡಿನೊಳಗ ಸಡ್ಲ ಇಡ್ತೀವಿ ಅಂದುಕೊಂಡಿ?" ಅಂದ. ಕಾಲುಗಳನ್ನು ಹಿಡಿದು ಅಲ್ಲಾಡಿಸಿದ. ಜಾಲಿ ಒಣಗಿದರೂ ಕುಗ್ಗುವುದು ಬಹಳ ಕಡಿಮೆಯಂತೆ. ನಾಲ್ಕೂ ಕಾಲು ಕೂತಲ್ಲೇ ಕೂತಿದ್ದವು. ದಾಂಡೇಲಿ ಸೀಳಿತ್ತು, ಬಚ್ಚಲ ಒಲೆ ಗೆದ್ದಿತ್ತು.

ಆದರೂ ಸುಮ್ಮನಿರಲಾಗಲಿಲ್ಲ. ಕಿನ್ನಾಳ ಹತ್ತಿರದಲ್ಲೇ ಇದೆಯಲ್ಲ, ಅಲ್ಲಿ ಗೊಂಬೆ ಮಾಡುವ ಚಿತ್ರಗಾರರು ಸಂದು ಮುಚ್ಚುವುದರಲ್ಲಿ ನಿಪುಣರು ಅಂತ ಹೋದೆ. ಪೊಲ್ಕಿ ಅನ್ನುವ ಹಗುರ ಕಟ್ಟಿಗೆಯಲ್ಲಿ ಬೇರೆ ಬೇರೆ ತುಂಡು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿ ನಾರು, ಮರದ ಹೊಟ್ಟು, ಅದೇ ಅಂಟು ಕಲಸಿ ಅರೆದ ಕಿಟ್ಟವನ್ನು ಮೇಲೆ ಮೆತ್ತುತ್ತಾರೆ. ಆಮೇಲೆ ಬಣ್ಣ. ಒಬ್ಬ ಹಿರಿಯರು ಅರ್ಧ ಗರುಡನನ್ನು ತೊಡೆಯ ಮೇಲಿಟ್ಟುಕೊಂಡು ಕಿಟ್ಟವನ್ನು ಹೆಬ್ಬೆರಳಿನಿಂದ ರೆಕ್ಕೆಯ ಸಂದಿಗೆ ತೀಡುತ್ತಿದ್ದರು. ಎರಡು ಸಲ ತೀಡಿದರು, ಜೋಡಣೆ ಎಲ್ಲಿತ್ತು ಅನ್ನುವುದೇ ಗೊತ್ತಾಗಲಿಲ್ಲ. ನಾನು ಮೊಬೈಲಿನಲ್ಲಿ ಸ್ಟೂಲಿನ ಫೋಟೋ ತೋರಿಸಿ, ಸ್ವಲ್ಪ ಕಿಟ್ಟ ಸಿಗಬಹುದಾ ಅಂದೆ.

ಅವರು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. "ಗೊಂಬಿ ಮ್ಯಾಲೆ ಯಾರೂ ಕುಂದ್ರಂಗಿಲ್ರಿ ಸರ" ಅಂದರು.

ನಾಚಿಕೆಗೆ ಒಂದು ಗಿಳಿ ಕೊಂಡುಕೊಂಡು ಬಂದೆ.

ಎಂಟು ಸ್ಕ್ರೂಗಳಲ್ಲಿ ನಾಲ್ಕನ್ನು ಸಡಿಲ ಮಾಡಿದೆ. ಸೀಳು ಹಾಗೇ ಉಳಿಯಿತು. ಅವ್ವನಿಗೆ ಅದರ ಬಗ್ಗೆ ದೂರಿಲ್ಲ. ಸ್ಟೂಲಿನ ಮೇಲೆ ಕೂತರೆ ಸೀಳು ಚುಚ್ಚುತ್ತೆ ಅಂತ ಈಗ ಅವಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತಾಳೆ. ಹೆಂಡತಿ ತಂದದ್ದು, ಬಜಾರಿನಿಂದ, ಅರ್ಧ ತಾಸಿನಲ್ಲಿ. ನಾನು ಮಾಡಿದ್ದನ್ನು ದೇವರ ಮುಂದೆ ಇಟ್ಟುಕೊಂಡು ಸೀಳಿನಲ್ಲಿ ಊದುಬತ್ತಿ ಸಿಗಿಸುತ್ತಾಳೆ. ಮೇ ತಿಂಗಳಲ್ಲಿ ಒಂದೇ ಕಡೆ ಮೂರು ಕಡ್ಡಿ ಸಲೀಸಾಗಿ ನಿಲ್ಲುತ್ತವೆ. ಶ್ರಾವಣದ ಮಳೆ ಹಿಡಿದರೆ ಒಂದನ್ನೇ ತಿರುವಿ ತಿರುವಿ ತೂರಿಸಬೇಕು.