ಹಸಿರು ಟೋಪಿಯವರಿಗೆ ನಾಲ್ಕು ಮಾತು

ಮಾರ್ಚ್ 17 ಹತ್ತಿರ ಬಂದರೆ ಸಾಕು, ಷಿಕಾಗೋದಲ್ಲಿ ಪ್ಲಂಬರುಗಳು ದೋಣಿ ಹತ್ತುತ್ತಾರೆ. ಒಂದು ದೋಣಿಯವರು ನದಿಗೆ ಪುಡಿ ಉದುರಿಸುತ್ತಾರೆ, ಇನ್ನೊಂದು ದೋಣಿ ಹಿಂದೆಯೇ ಬಂದು ನೀರು ಕಲಕುತ್ತದೆ. ನೋಡನೋಡುತ್ತಲೇ ನದಿ ಹಸಿರು. ದಡದ ಮೇಲೆ ಹಸಿರು ಟೋಪಿ ತೊಟ್ಟ ಜನಜಂಗುಳಿ ಕೇಕೆ ಹಾಕುತ್ತದೆ. ಸೇಂಟ್ ಪ್ಯಾಟ್ರಿಕ್ಸ್ ಡೇ ಅಲ್ವಾ, ಐರ್ಲೆಂಡಿನ ಸಂತನ ಹಬ್ಬ, ಐರಿಶ್ ಪರಂಪರೆಯ ದಿನ! 1962ರಿಂದ ಈ ಪರಂಪರೆ ನಡೆದುಬಂದಿದೆ. ಹುಟ್ಟಿದ್ದು ಹೀಗೆ: ಯಾವ ಕಟ್ಟಡದವರು ಗುಟ್ಟಾಗಿ ನದಿಗೆ ಕೊಳಚೆ ಬಿಡುತ್ತಿದ್ದಾರೆ ಅಂತ ಪತ್ತೆ ಹಚ್ಚಲು ಪ್ಲಂಬರುಗಳು ಪೈಪಿಗೆ ಬಣ್ಣ ಬಿಡುತ್ತಿದ್ದರು. ಆ ಬಣ್ಣ ಮೈಗೆಲ್ಲ ಮೆತ್ತಿಕೊಂಡು ಬಂದ ಒಬ್ಬನನ್ನು ನೋಡಿ ಸಂಘದ ಮುಖಂಡರಿಗೆ ಐಡಿಯಾ ಹೊಳೆಯಿತಂತೆ. ಮೊದಲ ವರ್ಷ 100 ಪೌಂಡ್ ಸುರಿದರು, ಅಂದರೆ ಸುಮಾರು 45 ಕಿಲೋ. ನದಿ ಒಂದು ವಾರ ಹಸಿರಾಗಿಯೇ ಇತ್ತು. ಕೊಳಚೆ ಹುಡುಕುವ ಬಣ್ಣದಲ್ಲಿ ಪರಂಪರೆ ಹುಡುಕಿಕೊಂಡವರು ಇವರೊಬ್ಬರೇ ಇರಬೇಕು.

ತಮಾಷೆ ಅಲ್ಲಿಗೇ ಮುಗಿಯುವುದಿಲ್ಲ. ಆ ಪುಡಿ ನೀರಿಗೆ ಬೀಳುವ ಮುಂಚೆ ಹಸಿರಲ್ಲ, ಕಿತ್ತಳೆ. ಐರ್ಲೆಂಡಿನಲ್ಲಿ ಕಿತ್ತಳೆ ಅಂದರೆ ಪ್ರಾಟೆಸ್ಟೆಂಟರ ಬಣ್ಣ, 1690ರಲ್ಲಿ ಬಾಯ್ನ್ ಕದನ ಗೆದ್ದ ರಾಜ ವಿಲಿಯಂನ ಕಡೆಯವರ ಬಣ್ಣ. ಹಸಿರು ಕ್ಯಾಥೊಲಿಕರ ಬಣ್ಣ. ಹಸಿರಿನವರಿಗೂ ಕಿತ್ತಳೆಯವರಿಗೂ ತಲೆತಲಾಂತರದ ಜಗಳ. ಷಿಕಾಗೋದ ನೀರಿನಲ್ಲಿ ಮಾತ್ರ ಕಿತ್ತಳೆ ಕ್ಷಣದಲ್ಲಿ ಹಸಿರಾಗಿಬಿಡುತ್ತದೆ. ಪ್ರಧಾನಿಗಳು, ರಾಯಭಾರಿಗಳು ಸುಮ್ನೆ ಅಷ್ಟು ವರ್ಷ ಒದ್ದಾಡಿದರು. ಪ್ಲಂಬರುಗಳನ್ನು ಕರೆಸಿದ್ದರೆ ಆಗುತ್ತಿತ್ತು.

ಬಾವುಟದ ವಿಷಯವನ್ನೂ ಹೇಳಿಬಿಡುತ್ತೇನೆ. ಐರ್ಲೆಂಡಿನ ಬಾವುಟದಲ್ಲಿ ಎರಡೂ ಬಣ್ಣಗಳಿವೆ, ನಡುವೆ ಶಾಂತಿಯ ಬಿಳಿ ಪಟ್ಟಿ. ಕಂಬದ ಕಡೆ ಹಸಿರು ಬರಬೇಕು. ತಿರುಗುಮುರುಗಾಗಿ ಕಟ್ಟಿದರೆ ಅದು ಐವರಿ ಕೋಸ್ಟ್ ದೇಶದ ಬಾವುಟ. ಸಂಜೆಯಿಡೀ ಅದರ ಕೆಳಗೆ ನಿಂತು ಎದೆ ಮುಟ್ಟಿಕೊಂಡು ಹಾಡಿದರೆ ಪಶ್ಚಿಮ ಆಫ್ರಿಕಾದವರಿಗೆ ಖುಷಿಯಾಗಬಹುದು.

ಇಷ್ಟಕ್ಕೂ ಈ ಹಬ್ಬದ ಸಂತ ಪ್ಯಾಟ್ರಿಕ್ ಐರ್ಲೆಂಡಿನವನೇ ಅಲ್ಲ. ರೋಮನ್ನರ ಕಾಲದ ಬ್ರಿಟನ್ನಿನ ಹುಡುಗ. ಹದಿನಾರರ ವಯಸ್ಸಿನಲ್ಲಿ ಐರಿಶ್ ದರೋಡೆಕೋರರು ಎತ್ತಿಕೊಂಡು ಹೋಗಿ ಜೀತಕ್ಕಿಟ್ಟರು. ತಪ್ಪಿಸಿಕೊಂಡು ಊರು ಸೇರಿದ, ಆಮೇಲೆ ಧರ್ಮ ಬೋಧಿಸಲು ತಾನಾಗಿಯೇ ವಾಪಸ್ ಹೋದ. ಈಗಿನವರ ಹಾಗೆ ವಂಶದ ಪರೀಕ್ಷೆಗೆ ಜೊಲ್ಲು ಕಳಿಸಿದ್ದರೆ ಮೊದಲು ಫೇಲಾಗುತ್ತಿದ್ದವನು ಅವನೇ.

ಅಮೆರಿಕದಲ್ಲಿ ಆ ಪರೀಕ್ಷೆಯಲ್ಲಿ ಫೇಲಾದವರು ಕಡಿಮೆ. ನಾವೂ ಐರಿಶ್ ಮೂಲದವರು ಅಂತ ಬರೆಸಿಕೊಂಡವರು ಅಲ್ಲಿ 3 ಕೋಟಿಗೂ ಜಾಸ್ತಿ. ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ 50 ಲಕ್ಷ ಚಿಲ್ಲರೆ. ಹಾಗಾಗಿ ಅಲ್ಲಿನ ಒಬ್ಬೊಬ್ಬರ ಹೆಗಲ ಮೇಲೂ ಐದಾರು ಅಮೆರಿಕನ್ ನೆಂಟರು ಕೂತಿದ್ದಾರೆ. ಅಧ್ಯಕ್ಷರಾದವರಂತೂ ಒಬ್ಬ ಐರಿಶ್ ಅಜ್ಜನನ್ನು ಹುಡುಕಿಕೊಳ್ಳಲೇಬೇಕು. ಒಬಾಮಾ ಅವರಿಗೂ ಸಿಕ್ಕ, ಮನಿಗಾಲ್ ಅನ್ನುವ ಪುಟ್ಟ ಊರಿನಲ್ಲಿ. 2011ರಲ್ಲಿ ಅಲ್ಲಿಗೆ ಹೋಗಿ ಪಬ್ಬಿನಲ್ಲಿ ಒಂದು ಪೈಂಟ್ ಕುಡಿದು ಬಂದರು. ಊರಿನವರು ಉಪಕಾರ ಮರೆಯಲಿಲ್ಲ. ಈಗ ಅಲ್ಲಿನ ಹೆದ್ದಾರಿ ಪಕ್ಕ ಒಬಾಮಾ ಹೆಸರಿನ ಪ್ಲಾಜಾ ಇದೆ: ಪೆಟ್ರೋಲು, ಊಟ, ಶೌಚಾಲಯ. ಪೂರ್ವಿಕರನ್ನು ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಪಾರ್ಕಿಂಗ್ ಜಾಗ.

ನನ್ನ ತಕರಾರು ನೆಂಟಸ್ತಿಕೆಯ ಬಗ್ಗೆ ಅಲ್ಲ. ರಕ್ತ ಎಷ್ಟು ತೆಳುವೋ ಬಣ್ಣ ಅಷ್ಟು ಗಾಢ, ಅದರ ಬಗ್ಗೆ. ಡಬ್ಲಿನ್ನಿನಿಂದ ಮೊನ್ನೆ ಬಂದ ನರ್ಸ್ ಆ ದಿನ ಕೋಟಿಗೆ ಐರ್ಲೆಂಡಿನ ಗುರುತಾದ ಮೂರೆಲೆಯ ಸೊಪ್ಪು, ಶ್ಯಾಮ್‌ರಾಕ್ ಸಿಕ್ಕಿಸಿಕೊಂಡು ಡ್ಯೂಟಿಗೆ ಹೋಗುತ್ತಾಳೆ. ಮುತ್ತಜ್ಜಿಯ ಅಜ್ಜಿ ಐರ್ಲೆಂಡಿನ ಕಾರ್ಕ್‌ನವಳು ಅಂತ ಹೋದ ವಾರ ಗೊತ್ತಾದವನು ಕೆಂಪು ಗಡ್ಡ ಅಂಟಿಸಿಕೊಂಡು, ‘ನಾನು ಐರಿಶ್, ಮುತ್ತು ಕೊಡಿ’ ಅಂತ ಬರೆದ ಅಂಗಿ ತೊಟ್ಟು, ಬೆಳಿಗ್ಗೆ ಹತ್ತಕ್ಕೇ ಫುಟ್‌ಪಾತಿನ ಮೇಲೆ ವಾಂತಿ ಮಾಡುತ್ತಿರುತ್ತಾನೆ.

ಆ ಗಡ್ಡಕ್ಕೂ ಒಂದು ಚರಿತ್ರೆ ಇದೆ. 1845ರಿಂದ 1852ರ ಕ್ಷಾಮದಲ್ಲಿ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ಹಡಗು ಹತ್ತಿದರು. ಇಳಿದ ಊರುಗಳಲ್ಲಿ ಅವರಿಗೆ ಸಿಕ್ಕ ಸ್ವಾಗತ ಹೇಗಿತ್ತು ಅಂದರೆ, 1867ರಲ್ಲಿ ಥಾಮಸ್ ನಾಸ್ಟ್ ಅನ್ನುವ ದೊಡ್ಡ ವ್ಯಂಗ್ಯಚಿತ್ರಕಾರ ಅಮೆರಿಕದ ಹಾರ್ಪರ್ಸ್ ವೀಕ್ಲಿ ಪತ್ರಿಕೆಯಲ್ಲಿ ಇದೇ ಹಬ್ಬದ ಚಿತ್ರ ಬರೆದ. ಅದರಲ್ಲಿ ಐರಿಶರಿಗೆ ಕೋತಿಯ ಮುಖ, ಪೊಲೀಸರ ಮೇಲೆ ಬೀಳುವ ಗುಂಪು. ಕುಡುಕರು, ಹೊಡೆದಾಟದವರು, ಅರ್ಧ ಪ್ರಾಣಿಗಳು ಅಂತ ಹೀಯಾಳಿಸುವ ಚಿತ್ರ. ಆ ಕಾಲದ ಐರಿಶರು ಇದನ್ನು ಸುಳ್ಳು ಮಾಡಲು ತೊಳೆದ ಕೋಟು ತೊಟ್ಟು, ಸಾಲು ತಪ್ಪದೆ, ಬ್ಯಾಂಡಿನ ಹಿಂದೆ ಮೆರವಣಿಗೆ ಹೋದರು. ಅವರ ಮರಿಮಕ್ಕಳು ಅದೇ ಚಿತ್ರವನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಾಸ್ಟ್ ಬದುಕಿದ್ದರೆ ರಾಯಧನ ಕೇಳುತ್ತಿದ್ದ.

ಬಾರಿನಲ್ಲಿ ಇನ್ನೂ ಚೆನ್ನಾಗಿರುತ್ತದೆ. ಕಪ್ಪು ಬಿಯರಿನೊಳಗೆ ವಿಸ್ಕಿ ಮತ್ತು ಕ್ರೀಮ್ ಲಿಕರ್ ಇರುವ ಪುಟ್ಟ ಗ್ಲಾಸನ್ನು ಹಾಗೇ ಬೀಳಿಸಿ ಗಟಗಟ ಕುಡಿಯುವ ಒಂದು ಪಾನೀಯ ಉಂಟು. ಅಮೆರಿಕದವರು ಅದಕ್ಕಿಟ್ಟ ಹೆಸರು ‘ಐರಿಶ್ ಕಾರ್ ಬಾಂಬ್’. 1974ರ ಮೇ 17ರಂದು ಡಬ್ಲಿನ್ ಮತ್ತು ಮೊನಹಾನ್‌ನಲ್ಲಿ ಕಾರುಗಳಲ್ಲಿಟ್ಟ ಬಾಂಬ್ ಸಿಡಿದು 33 ಜನ ಸತ್ತರು. 1998ರಲ್ಲಿ ಉತ್ತರ ಐರ್ಲೆಂಡಿನ ಓಮಾದಲ್ಲಿ ಇಂಥದೇ ಬಾಂಬಿಗೆ 29 ಜನ. ಆ ಬೀದಿಗಳಿಂದ ಬಂದವನೇ ಕೌಂಟರಿನ ಹಿಂದೆ ನಿಂತಿರಬಹುದು. ಅವನ ಮುಖ ನೋಡಿಕೊಂಡು ‘ಎರಡು ಕಾರ್ ಬಾಂಬ್ ಕೊಡಪ್ಪಾ’ ಅನ್ನುವುದು ಹಬ್ಬದ ಸಡಗರವಂತೆ.

ಸಂಗೀತಕ್ಕೆ ಬರೋಣ. ಪಾಪ, ಜಾಸ್ತಿ ಪೆಟ್ಟು ತಿನ್ನುವುದು ಅದೇ. ಒಳ್ಳೆಯ ಐರಿಶ್ ಪಬ್ಬಿನ ಮೂಲೆಯಲ್ಲಿ ಸೆಷನ್ ನಡೆಯುತ್ತದೆ. ಫಿಡಲ್, ಮರದ ಕೊಳಲು, ಕಾನ್ಸರ್ಟಿನಾ, ಮೊಣಕೈಯಿಂದ ತಿದಿ ಒತ್ತಿ ನುಡಿಸುವ ಇಲನ್ ಪೈಪು. ಐದಾರು ಜನ ದುಂಡಗೆ ಕೂತು ಒಬ್ಬರಿಗೊಬ್ಬರು ಮುಖ ಮಾಡಿ ನುಡಿಸುತ್ತಾರೆ. ನಮಗೆ ಬೆನ್ನು. ಅಹಂಕಾರವಲ್ಲ, ಅದು ವೇದಿಕೆಯ ಕಾರ್ಯಕ್ರಮವೇ ಅಲ್ಲ. ರೀಲ್ ಅಂದರೆ ಕುಣಿತದ ಟ್ಯೂನು. ಎರಡು ಮೂರು ರೀಲ್ ಸೇರಿಸಿ ಒಂದು ಸೆಟ್, ನಡುವೆ ನಿಲ್ಲುವುದಿಲ್ಲ. ಟ್ಯೂನ್ ಗೊತ್ತಿಲ್ಲದಿದ್ದರೆ ನುರಿತವರೂ ಫಿಡಲನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೇಳುತ್ತಾರೆ. ಹೊಸಬರು ಕೇಳಿಕೊಂಡು ಕೂರುತ್ತಾರೆ. ಬೌರಾನ್ ಅನ್ನುವ ಆಡಿನ ಚರ್ಮದ ವಾದ್ಯ ಒಂದು ಸಲಕ್ಕೆ ಒಂದೇ, ಎರಡಾದರೆ ಕೊಳಲು ಮುಳುಗಿತು.

ಮಾರ್ಚ್ 17ರಂದು ಈ ನಿಯಮಗಳಿಗೆ ರಜೆ. ಭಜನೆ ನೋಡಲು ಬಂದವನು ತಾಳ ಕಿತ್ತುಕೊಂಡ ಹಾಗೆ, ಹಸಿರು ಟೋಪಿಯವನೊಬ್ಬ ಹೊಸ ಬೌರಾನ್ ಹಿಡಿದು ವೃತ್ತದೊಳಗೆ ನುಗ್ಗುತ್ತಾನೆ. ಜಿಗ್, ರೀಲ್ ಎರಡರ ಲಯವೂ ಬೇರೆ, ಅವನದು ಎರಡಕ್ಕೂ ಒಂದೇ ಏಟು. ಅವನ ಗೆಳೆಯ ಎರಡು ಚಮಚ ಸೇರಿಸಿ ಟಕಟಕ ಬಡಿಯುತ್ತಾನೆ. ಮೂರನೆಯವನು ತುಂಬಿದ ಗ್ಲಾಸನ್ನು ತೆರೆದ ಫಿಡಲ್ ಪೆಟ್ಟಿಗೆಯ ಅಂಚಿಗಿಡುತ್ತಾನೆ. ಸೆಟ್ಟಿನ ನಡುವೆಯೇ ಹಿಂದಿನಿಂದ ಕೂಗು ಬರುತ್ತದೆ: ‘ಅದೆಲ್ಲ ಬಿಡಿ, ಯಾವುದಾದರೂ ನಿಜವಾದ ಐರಿಶ್ ಹಾಡು! ಡ್ಯಾನಿ ಬಾಯ್!’ ಆ ಹಾಡಿಗೆ ಮಾತು ಬರೆದವನು ಫ್ರೆಡರಿಕ್ ವೆದರ್ಲಿ, ಒಬ್ಬ ಇಂಗ್ಲಿಷ್ ವಕೀಲ. ಹೊರಗೆ ಬೀದಿಯಲ್ಲಿ ಪೊಲೀಸ್ ಬ್ಯಾಂಡ್ ಕಿಲ್ಟ್ ತೊಟ್ಟು ಸ್ಕಾಟ್ಲೆಂಡಿನ ದೊಡ್ಡ ಬ್ಯಾಗ್‌ಪೈಪ್ ಊದುತ್ತಾ ಹೋಗುತ್ತದೆ. ಒಳಗೆ ಇಲನ್ ಪೈಪಿನವನು ಉಸ್ಸೆಂದು ವಾದ್ಯ ಬಿಚ್ಚಿ ಪೆಟ್ಟಿಗೆಗಿಡುತ್ತಾನೆ. ಅಷ್ಟೂ ಜನರಲ್ಲಿ ಅವನು ಹೋದದ್ದನ್ನು ಯಾರೂ ಗಮನಿಸುವುದಿಲ್ಲ.

ಐರಿಶ್ ಸರ್ಕಾರ ಸುಮ್ಮನಿದೆಯೇ ಅಂದರೆ, ಅದು ಊರಲ್ಲೇ ಇರುವುದಿಲ್ಲ. ತಮ್ಮದೇ ರಾಷ್ಟ್ರೀಯ ಹಬ್ಬದ ಹೊತ್ತಿಗೆ ಮಂತ್ರಿಗಳೆಲ್ಲ ಖಂಡಕ್ಕೊಬ್ಬರು ಹಾರಿರುತ್ತಾರೆ. ಪ್ರಧಾನಿ ಶ್ವೇತಭವನಕ್ಕೆ ಹೋಗಿ ಅಧ್ಯಕ್ಷರಿಗೆ ಗಾಜಿನ ಬಟ್ಟಲಲ್ಲಿ ಶ್ಯಾಮ್‌ರಾಕ್ ಕೊಡುತ್ತಾರೆ. 1952ರಲ್ಲಿ ರಾಯಭಾರಿಯೊಬ್ಬರು ಟ್ರೂಮನ್ ಅವರಿಗೆ ಒಂದು ಪುಟ್ಟ ಡಬ್ಬಿ ಕಳಿಸಿದಾಗ ಶುರುವಾದದ್ದು. ಫೋಟೋ ಆದಮೇಲೆ ಬಟ್ಟಲು ಉಳಿಯುತ್ತದೆ, ಭದ್ರತೆಯವರು ಸೊಪ್ಪನ್ನು ನಾಶ ಮಾಡುತ್ತಾರೆ. ಆ ಬಟ್ಟಲು ಹಿಡಿದವರಲ್ಲಿ ಲಿಯೋ ವರಾಡ್ಕರ್ ಕೂಡ ಒಬ್ಬರು. ಅವರ ತಂದೆ ಮುಂಬೈಯಲ್ಲಿ ಹುಟ್ಟಿದ ಡಾಕ್ಟರು. ಅಂಟಿಸಿದ ಗಡ್ಡ ಇಲ್ಲದೆಯೇ ಐರಿಶ್ ಆದವರು.

ಇನ್ನು ಆ ದ್ವೀಪದಲ್ಲೇ ಹಬ್ಬ ಹೇಗಿತ್ತು ಗೊತ್ತಾ? 1903ರಲ್ಲಿ ರಜೆ ಘೋಷಣೆಯಾಯಿತು. ಬೆಳಿಗ್ಗೆ ಚರ್ಚು, ಮಧ್ಯಾಹ್ನ ಊಟ, ಮುಗಿಯಿತು. ಡಬ್ಲಿನ್ನಿನ ಈಗಿನ ದೊಡ್ಡ ಉತ್ಸವ ಶುರುವಾದದ್ದೇ 1996ರಲ್ಲಿ, ಪ್ರವಾಸಿಗಳು ಬರಲಿ ಅಂತ. 1920ರ ದಶಕದಿಂದ 1960ರ ಆಸುಪಾಸಿನವರೆಗೆ ಸೇಂಟ್ ಪ್ಯಾಟ್ರಿಕ್ ದಿನ ಪಬ್ಬುಗಳಿಗೆ ಕಾನೂನಿನ ಬೀಗ. ಡಬ್ಲಿನ್ನಿನಲ್ಲಿ ಒಂದು ಕಡೆ ಮಾತ್ರ ಬಾರ್ ತೆರೆದಿರುತ್ತಿತ್ತು, ರಾಯಲ್ ಡಬ್ಲಿನ್ ಸೊಸೈಟಿಯ ನಾಯಿ ಪ್ರದರ್ಶನದಲ್ಲಿ. ಹಾಗಾಗಿ ಆ ದಿನ ಕವಿಗಳಿಗೆ, ಗುಮಾಸ್ತರಿಗೆ, ರಾಜಕಾರಣಿಗಳಿಗೆ ಇದ್ದಕ್ಕಿದ್ದಂತೆ ನಾಯಿಗಳ ಮೇಲೆ ಅಪಾರ ಪ್ರೀತಿ ಉಕ್ಕುತ್ತಿತ್ತು.

ಷಿಕಾಗೋ, ನ್ಯೂಯಾರ್ಕ್, ಬಾಸ್ಟನ್ನಿನ ನಗರಸಭೆಗಳಿಗೆ ನನ್ನದೊಂದು ಅರ್ಜಿ. ಅಪ್ಪಟ ಪರಂಪರೆ ಬೇಕು ಅನ್ನುವವರಿಗೆ ಇದಕ್ಕಿಂತ ಅಪ್ಪಟವಾದದ್ದು ಸಿಗಲಿಕ್ಕಿಲ್ಲ. ಮುಂದಿನ ಮಾರ್ಚ್ 17ಕ್ಕೆ ಬಾರುಗಳಿಗೆಲ್ಲ ಬೀಗ ಹಾಕಿಸಿ, ಊರ ಹೊರಗೆ ಒಂದೇ ಒಂದು ನಾಯಿ ಪ್ರದರ್ಶನ ಇಡಿ. ಕುಡಿಯಬೇಕಾದವರು ಮೊದಲು ಮೂರು ಗಂಟೆ ಟೆರಿಯರ್‌ಗಳನ್ನು ನೋಡಲಿ, ತಳಿಯ ಬಗ್ಗೆ ತೀರ್ಪುಗಾರರು ಕೇಳುವ ಎರಡು ಪ್ರಶ್ನೆಗೆ ಉತ್ತರಿಸಲಿ. ವಂಶಾವಳಿಯ ದಾಖಲೆ ಸರಿಯಾಗಿ ಇರುವುದು ಅಲ್ಲಿ ನಾಯಿಗಳ ಬಳಿ ಮಾತ್ರ.