ಹೆಸರು ಅಳಿಸೋದೂ ಕೆಲಸವೇ

ಹೊಸ ನೊಣ ಪ್ರಭೇದಗಳಿಗೆ ಹೆಸರಿಡೋ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್, ಆದರೆ ಹೆಸರಿಟ್ಟರೆ ಕೆಲಸ ಮುಗೀತು ಅನ್ನೋ ಧಾಟಿ ಒಪ್ಪಲ್ಲ. ನಾವು ಗೋವಾದ ವಾಸ್ಕೋದಲ್ಲಿರೋದು. ಮಳೆ ಶುರುವಾಗೋ ಹೊತ್ತಿಗೆ ಮಾವಿನಹಣ್ಣು ಹೆಚ್ಚಿದರೆ ಒಳಗೆ ಬಿಳಿ ಹುಳ ಮಿಜಿಮಿಜಿ! ಹಣ್ಣುನೊಣ, ಅಂದರೆ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್‌ನ ಮರಿಗಳು. ಆಫ್ರಿಕಾದಲ್ಲಿ ಸಿಕ್ಕ ಇಂಥದ್ದೇ ನೊಣವನ್ನು ವಿಜ್ಞಾನಿಗಳು 2005ರಲ್ಲಿ 'ಬ್ಯಾಕ್ಟ್ರೊಸೆರಾ ಇನ್ವಾಡೆನ್ಸ್' ಅಂತ ಬೇರೆ ಪ್ರಭೇದ ಮಾಡಿದ್ದರು. ಆಮೇಲೆ ಮೈಕಟ್ಟು, ಡಿಎನ್‌ಎ, ಪರಸ್ಪರ ಕೂಡುತ್ತವೆಯೇ ಅನ್ನೋದನ್ನೆಲ್ಲ ನೋಡಿ 2015ರಲ್ಲಿ ಎರಡೂ ಒಂದೇ ಅಂದರು. ಹತ್ತು ವರ್ಷದ ಹೆಸರು ಹೋಯ್ತು. ಒಂದೇ ಪೀಡೆಗೆ ಎರಡು ಹೆಸರಿದ್ದರೆ ಹಣ್ಣು ರಫ್ತಿನ ಕ್ವಾರಂಟೈನ್ ಪಟ್ಟಿಗಳೂ (ಯಾವ ಪೀಡೆ ದೇಶದೊಳಗೆ ಬರಬಾರದು ಅನ್ನೋ ಪಟ್ಟಿಗಳು) ಗೊಂದಲ. ಇದರ ಬಗ್ಗೆಯೂ ಒಂದು ಲೇಖನ ಬರೀರಿ.