ಎಮ್ಮೆಗೆ ಹೆದರದ ಬಾತು

ಇಂಗ್ಲೆಂಡಿನ ಡಿಸೆಂಬರಿನಲ್ಲಿ ಹಕ್ಕಿ ಫೋಟೊದ ಹುಚ್ಚಿರುವವನಿಗೆ ಸಿಗುವ ಹಗಲೇ ಚೋಟುದ್ದ. ನಾಲ್ಕಕ್ಕೆಲ್ಲ ಕತ್ತಲು. ಮೂರೂವರೆಗೇ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್‌ಒವನ್ನು 3200ಕ್ಕೆ ಏರಿಸಿ, ಚಿತ್ರ ತರಿತರಿಯಾದರೂ ಸರಿ ಅಂದುಕೊಳ್ಳಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆಂದು ಇನ್ನೊಂದನ್ನು ಒಳಜೇಬಿನ ಬಿಸಿಯಲ್ಲಿ ಇಟ್ಟುಕೊಂಡಿರುತ್ತೇನೆ. ನಾರ್ಫೋಕ್‌ನ ಜೌಗುಬಯಲಲ್ಲಿ ನಾವು ಕೂರುವುದು ಹೈಡ್ ಎಂಬ ಮರದ ಗುಡಿಸಲಿನೊಳಗೆ. ಒಂದು ಉದ್ದನೆ ಕಿಂಡಿ, ಒಂದು ಬೆಂಚು. ಹೊಸಬರು ಬಂದರೆ ಸರಿದು ಜಾಗ ಕೊಡುತ್ತಾರೆ, ಮಾತೆಲ್ಲ ಪಿಸುದನಿಯಲ್ಲೇ. ಮೊದಮೊದಲು ನನಗೆ ನಗು ಬರುತ್ತಿತ್ತು. ಸಾವಿನ ಮನೆಯಲ್ಲೂ ನಾವು ಇಷ್ಟು ಸುಮ್ಮನಿರುವವರಲ್ಲ.

ನಗು ನಿಂತದ್ದು ನನ್ನದೇ ಎಡವಟ್ಟಿನಿಂದ. ಎರಡು ದಿನ ಹಿಡಿದ ಮಳೆ ಬಿಟ್ಟ ಸಂಜೆ, ಕಣಜದ ಗೂಬೆಯೊಂದು ಒಣಹುಲ್ಲಿನ ಮೇಲೆ ಆಳೆತ್ತರದಲ್ಲಿ ಸದ್ದೇ ಇಲ್ಲದೆ ತೇಲಿ ಬಂದು ಬೇಲಿಗೂಟದ ಮೇಲೆ ಕೂತಿತು. ನಾನು ಹೊರಬಿದ್ದು, ಬೇಲಿಗುಂಟ ಬಗ್ಗಿಕೊಂಡು ಹತ್ತಿರ ಹೋದೆ. ನಾಲ್ಕು ಫೋಟೊ ಸಿಕ್ಕವು. ಗೂಬೆ ಬಯಲಾಚೆ ಹಾರಿಹೋದದ್ದು ಕತ್ತಲಾದರೂ ಮರಳಲಿಲ್ಲ. ವಾಪಸು ಬಂದಾಗ ಹೈಡ್‌ನಲ್ಲಿದ್ದ ಮುದುಕರೊಬ್ಬರು ಬೈನಾಕ್ಯುಲರ್ ಇಳಿಸಿ, "ಅದರ ಗರಿ ಮಳೆ ತಡೆಯಲ್ಲ. ಎರಡು ದಿನ ಸರಿಯಾಗಿ ಬೇಟೆ ಆಗಿರಲಾರದು" ಎಂದರು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಈ ಗೂಬೆಯನ್ನು ಗೂಡಿನಲ್ಲಿ ಬೇಕೆಂದೇ ಕೆಣಕಿದರೆ ಅಲ್ಲಿನ 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆದರೆ ಆ ಕಲಮು ಕಾಯುವುದು ಗೂಡನ್ನು ಮತ್ತು ಮರಿಗಳನ್ನು. ಚಳಿಗಾಲದ ಹಸಿವನ್ನು ಕಾಯುವುದು ಆ ಮುದುಕರಂಥವರ ಕಣ್ಣು.

ರಜೆಗೆ ಊರಿಗೆ ಬಂದಾಗಲೆಲ್ಲ ಪಕ್ಷಿಪ್ರಿಯ ಗೆಳೆಯರು, "ಅಲ್ಲಿಯಂತೆ ನಮ್ಮ ಕೆರೆಗಳಿಗೂ ಹೈಡ್ ಕಟ್ಟಬೇಕು ಮಾರಾಯ" ಅನ್ನುತ್ತಾರೆ. ಮಾಗಡಿ ಕೆರೆಗೆ ಹೋಗಿ ಬರುವವರೆಗೆ ನಾನೂ ಹೂಂಗುಟ್ಟುತ್ತಿದ್ದೆ. ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ಗದಗ ಜಿಲ್ಲೆಯದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿದ್ದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಜಾಗ. ಬೆಳಗಿನ ಮಂಜಿನಲ್ಲಿ ದಂಡೆ ತುಂಬ ಬಾತುಗಳು. ಅವುಗಳ ನಡುವೆಯೇ ಒಬ್ಬ ಯಜಮಾನರು ಎಮ್ಮೆ ಹೊಡೆದುಕೊಂಡು ಬಂದರು. ಬಾತುಗಳು ಕತ್ತೆತ್ತಿ ನೋಡಿದವು, ನಾಲ್ಕು ಹೆಜ್ಜೆ ಸರಿದು ದಾರಿ ಬಿಟ್ಟವು, ಮತ್ತೆ ಹುಲ್ಲಿಗೆ ಬಾಯಿ ಹಾಕಿದವು. ನಾನು ಇನ್ನೂ ದೂರದಲ್ಲಿ ಟ್ರೈಪಾಡ್ ಬಿಚ್ಚುತ್ತಿದ್ದೆ. ಇಡೀ ಹಿಂಡು ಗದ್ದಲವೆಬ್ಬಿಸಿ ಮೇಲೆದ್ದಿತು.

"ಎಮ್ಮಿಗೆ ಹೆದರಂಗಿಲ್ರಿ ಅವು," ಎಂದರು ಯಜಮಾನರು. "ನೀವು ನಿಂತು ದಿಟ್ಟಿಸ್ತೀರಲ್ಲ, ಅದಕ್ಕ ಹೆದರತಾವ."

ಇಂಗ್ಲೆಂಡಿನವರು ಮನುಷ್ಯನನ್ನು ಮರೆಮಾಡುತ್ತಾರೆ. ಮಾಗಡಿಯಲ್ಲಿ ಮರೆಯೇ ಬೇಕಿಲ್ಲ, ಅಲ್ಲಿನ ಮನುಷ್ಯನಿಗೆ ಬೇರೆ ಕೆಲಸವಿದೆ. ಹಾಗಾಗಿ ಹೈಡ್‌ನ ಆಮದಿಗೆ ನನ್ನ ಒಪ್ಪಿಗೆಯಿಲ್ಲ. ಕಟ್ಟಿದರೆ ಅದರ ಮುಂದೆ ಕಾಳು ಚೆಲ್ಲುವವರು, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವವರು, ಸೀಟಿಗಿಷ್ಟು ಎಂದು ವಸೂಲಿ ಮಾಡುವವರು ಬಂದೇ ಬರುತ್ತಾರೆ. ತರುವುದಾದರೆ ಆ ಪಿಸುದನಿ ಬರಲಿ. ಜೊತೆಗೆ ಎಣಿಸಿ ಬರೆದಿಡುವ ಚಟವೂ ಬರಲಿ: ಬ್ರಿಟನ್ನಿನಲ್ಲಿ 1979ರಿಂದ ಪ್ರತಿ ಜನವರಿ ಕೊನೆಗೆ, ಹೆಸರಿಗೆ ಒಂದು ಕ್ಯಾಮೆರಾ ಕೂಡ ಇಲ್ಲದ ಜನ ಕಿಟಕಿಯ ಹತ್ತಿರ ಒಂದು ಗಂಟೆ ಕೂತು ತಮ್ಮ ಹಿತ್ತಲಿನ ಹಕ್ಕಿಗಳ ಲೆಕ್ಕ ಕಳಿಸುತ್ತಾರೆ.

ಮರುದಿನ ಟ್ರೈಪಾಡ್ ಕಾರಿನಲ್ಲೇ ಬಿಟ್ಟು, ಯಜಮಾನರನ್ನು ಕೇಳಿಕೊಂಡು ಎಮ್ಮೆಗಳ ಹಿಂದೆ ನಡೆದೆ. ಬಿಳಿ ತಲೆಯ ಮೇಲಿನ ಎರಡು ಕರಿಪಟ್ಟೆಗಳು ಬರಿಗಣ್ಣಿಗೇ ಕಂಡವು. ಒಂದೇ ಒಂದು ಫೋಟೊ ತೆಗೆದೆ. ಅದರ ಮುಕ್ಕಾಲು ಪಾಲು ಎಮ್ಮೆಯ ಬೆನ್ನು.